ಗೆಲ್ಲಿಗೊಂದು ಗೆಲ್ಲು

ಮರವಂತೆಯಲ್ಲಿ ಬಸ್ಸಿಳಿದವರು ಮೊದಲು ಪಡುವಣಕ್ಕೆ ತಿರುಗಿ ಕಡಲು ನೋಡುತ್ತಾರೆ, ಆಮೇಲೆ ಮೂಡಣಕ್ಕೆ ತಿರುಗಿ ಸೌಪರ್ಣಿಕೆ ನೋಡುತ್ತಾರೆ, ನಡುವಿನ ಹೆದ್ದಾರಿಯ ಅಂಚಿನಲ್ಲಿ ನಿಂತು ಪಟ ತೆಗೆಸಿಕೊಳ್ಳುತ್ತಾರೆ. ಮದುವೆಯಾಗಿ ಈ ಊರಿಗೆ ಬಂದ ಮೊದಲ ಮಳೆಗಾಲದಲ್ಲಿ ನಾನು ನೋಡಿದ್ದು ಅತ್ತೆಯವರ ಅಂಗಳದ ಕಣಗಿಲೆಯನ್ನು. ಪಡುಗಾಳಿ ಹೊತ್ತು ತಂದ ಉಪ್ಪಿಗೆ ಬೇರೆ ಗಿಡಗಳ ಎಲೆಯಂಚೆಲ್ಲ ಸುಟ್ಟು ಕಂದಾಗಿದ್ದರೆ ಅದೊಂದು ಏನೂ ಆಗದಂತೆ ಹೂ ಬಿಟ್ಟು ನಿಂತಿತ್ತು. ನನ್ನ ತವರು ಘಟ್ಟದ ಬುಡದ್ದು. ಅಲ್ಲಿಂದ ಅಕ್ಕರೆಯಿಂದ ತಂದ ಹನ್ನೊಂದು ಗೆಲ್ಲುಗಳಲ್ಲಿ ಆ ವರ್ಷ ಬದುಕಿದ್ದು ಎರಡು.

ಅದಾಗಿ ಮೂವತ್ತು ವರ್ಷ ಮೀರಿತು. ಈಗ ಹಿತ್ತಿಲು ಅಂಗಳ ಸೇರಿ ನಲವತ್ತಕ್ಕೂ ಹೆಚ್ಚು ಬಗೆಯ ಹೂಗಿಡಗಳಿವೆ. ದುಡ್ಡು ಕೊಟ್ಟು ತಂದವನ್ನು ಬೆರಳಲ್ಲಿ ಎಣಿಸಬಹುದು. ಉಳಿದದ್ದೆಲ್ಲ “ಹ್ವಾಯ್, ಒಂದ್ ಗೆಲ್ ಕೊಡಿ ಕಾಂಬ” ಎಂದು ಕೇಳಿ ತಂದದ್ದು. ಕೊಂದ ಗೆಲ್ಲುಗಳ ಲೆಕ್ಕ ಇಟ್ಟಿಲ್ಲ. ಕೆಳಗಿನ ಪಾಠಗಳೆಲ್ಲ ಅವು ಕಲಿಸಿದವು.

1. ಹೆಸರು ನಂಬಿ ಗಿಡ ತರಿಸಬೇಡಿ

ನಮ್ಮ ಮನೆಯಲ್ಲಿ ಬಿಳಿ, ದಪ್ಪ ಎಸಳಿನ, ರಾತ್ರಿ ಪೂರ್ತಿ ಪರಿಮಳ ಬೀರುವ ಆ ಪೊದೆಗೆ ಸುಗಂಧರಾಜ ಎಂದೇ ರೂಢಿ. ಮೈಸೂರಿನ ಚಿಕ್ಕಮ್ಮನಿಗೆ “ಸುಗಂಧರಾಜ ಇದ್ದರೆ ಕಳಿಸಿ” ಎಂದು ಬರೆದೆ. ಬಂದದ್ದು ಒಂದು ಚೀಲ ಗೆಡ್ಡೆ! ಅಲ್ಲಿ ಸುಗಂಧರಾಜವೆಂದರೆ ಹಾರಕ್ಕೆ ಹಾಕುವ ಉದ್ದ ಕಡ್ಡಿಯ ಹೂ. ನನಗೆ ಬೇಕಿದ್ದ ಪೊದೆ ಅವರಿಗೆ ಗಂಧರಾಜ. ಚಿಕ್ಕಮ್ಮನ ತಪ್ಪೇನಿಲ್ಲ, ನನ್ನದೂ ಇಲ್ಲ.

ಕರವೀರದ ಕತೆಯೂ ಇದೇ. ಒಂದು ಮನೆಯಲ್ಲಿ ಅದು ಗುಲಾಬಿ ಬಣ್ಣದ ಕಣಗಿಲೆ, ಪಕ್ಕದ ಮನೆಯಲ್ಲಿ ಹಳದಿ ಗಂಟೆಯಂಥ ಹೂ ಬಿಡುವ ಬೇರೆಯೇ ಗಿಡ. ನಮ್ಮ ಕಿಸ್ಕಾರ ಉಡುಪಿ ದಾಟಿದರೆ ಕೇಪುಳವಾಗುತ್ತದೆ, ಘಟ್ಟ ಹತ್ತಿದರೆ ಗುಡ್ಡೆದಾಸವಾಳ, ಹೊಳೆದಾಸವಾಳ. ದಾಸವಾಳಕ್ಕೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ, ಅದು ಕಾಫಿಯ ಕುಟುಂಬದ್ದು. ಅಬ್ಬಲಿಗೆ ಬೆಂಗಳೂರಿನವರಿಗೆ ಕನಕಾಂಬರ.

ಇದು ಇವತ್ತಿನ ತೊಡಕಲ್ಲ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಹೊತ್ತಗೆಯಲ್ಲಿ ಡಚ್ ಅಧಿಕಾರಿ ವಾನ್ ರೀಡ್ ಒಂದೊಂದು ಗಿಡಕ್ಕೂ ಒಂದೇ ಹೆಸರು ಸಾಲದೆಂದು ಮಲಯಾಳದ ಜೊತೆಗೆ ಕೊಂಕಣಿ ಹೆಸರನ್ನೂ ಬರೆಸಿದ. ಇಟ್ಟಿ ಅಚ್ಯುತನ್ ಎಂಬ ವೈದ್ಯರ ಜೊತೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು ಕೂತು ಆ ಕೆಲಸ ಮಾಡಿದರು. ನಮ್ಮ ಜಿಲ್ಲೆಗೆ ಆ ಥರದ ಆಸರೆ ಬೇಕಿದ್ದವರಿಗೆ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಡಾ. ಕೆ. ಗೋಪಾಲಕೃಷ್ಣ ಭಟ್ಟರ ‘ಫ್ಲೋರಾ ಆಫ್ ಉಡುಪಿ’ (2003) ಇದೆ. ನಾನಂತೂ ಹೆಸರಿನ ಪಕ್ಕದಲ್ಲಿ ಯಾರ ಮನೆಯದು, ಅಂಗಳದ ಯಾವ ಮೂಲೆಯದು ಎಂದೂ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಹೆಸರು ಬದಲಾದೀತು, ಮನೆ ಬದಲಾಗುವುದಿಲ್ಲ.

2. ಹೂವಿಲ್ಲದಾಗ ಎಲೆ ಮುರಿದು ನೋಡಿ

ಗೆಲ್ಲು ಕೊಡುವ ಹೊತ್ತಿಗೆ ಹೂ ಇರುವುದೇ ಅಪರೂಪ. ಗಂಧರಾಜ, ನಂದಿಬಟ್ಟಲು ಎರಡಕ್ಕೂ ಎದುರುಬದುರಾಗಿ ಹೊಳೆಯುವ ಹಸಿರೆಲೆ, ಎರಡಕ್ಕೂ ಬಿಳಿ ಹೂ. ಮೊಗ್ಗಿಲ್ಲದಾಗ ಎಂಥವರೂ ಮೋಸ ಹೋಗುತ್ತಾರೆ. ಒಂದು ಎಲೆ ಚಿವುಟಿ. ಹಾಲು ಬಂದರೆ ನಂದಿಬಟ್ಟಲು. ಹಾಲಿಲ್ಲದೆ, ಎಲೆತೊಟ್ಟುಗಳ ನಡುವೆ ಕಾಂಡವನ್ನು ಅಪ್ಪಿದ ಸಣ್ಣ ಪೊರೆ ಕಂಡರೆ ಗಂಧರಾಜ. ಆ ಪೊರೆ ಕಿಸ್ಕಾರದಲ್ಲೂ ಇದೆ, ಮುಸ್ಸಾಂಡದಲ್ಲೂ ಇದೆ, ಮೂರೂ ಒಂದೇ ಕುಟುಂಬದವು.

ಒಂದೊಂದು ಗೆಣ್ಣಿಗೆ ಮೂರು ಮೂರು ಉದ್ದ ಎಲೆ ಸುತ್ತಿ ಬಂದಿದ್ದರೆ ಕಣಗಿಲೆ. ಅಷ್ಟೇ ಉದ್ದದ ಎಲೆ ಒಂದೊಂದಾಗಿ ಮೆಟ್ಟಿಲಿನಂತೆ ಹತ್ತಿದ್ದು, ಮುರಿದಾಗ ಹಾಲು ಬಂದರೆ ಹಳದಿ ಹೂವಿನದ್ದು. ದಾಸವಾಳದ ಎಲೆ ಬಿಡಿಬಿಡಿಯಾಗಿ ಬರುತ್ತದೆ, ಅಂಚು ಗರಗಸ, ಹಿಚುಕಿದರೆ ಲೋಳೆ, ಸಿಪ್ಪೆ ಎಳೆದರೆ ನಾರು. ತಲೆಗೆ ಲೋಳೆ ಹಚ್ಚಿ ಮಿಂದ ನಮ್ಮ ಕಡೆಯ ಹೆಂಗಸರಿಗೆ ಇದನ್ನು ಕಲಿಸಬೇಕಾಗಿಲ್ಲ.

3. ಎಲ್ಲ ದಾಸವಾಳವೂ ಒಂದೇ ದಾಸವಾಳವಲ್ಲ

ಲಿನ್ನೇಯಸ್ 1753ರಲ್ಲಿ ನಮ್ಮ ದಾಸವಾಳಕ್ಕೆ ಚೀನಾದ ಗುಲಾಬಿ ಎಂಬರ್ಥದ ಹೆಸರಿಟ್ಟ. ಜುಮುಕಿಯಂತೆ ಕೆಳಕ್ಕೆ ತೂಗುವ, ಎಸಳೆಲ್ಲ ಕತ್ತರಿಸಿದಂತಿರುವ ದಾಸವಾಳದ ಮೂಲ ಪೂರ್ವ ಆಫ್ರಿಕಾ. ಎಷ್ಟು ಕಾದರೂ ಅರಳದೆ ಕೆಂಪು ಮೆಣಸಿನಂತೆ ಸುತ್ತಿಕೊಂಡೇ ಇರುವ ಮೆಣಸು ದಾಸವಾಳ ಮೆಕ್ಸಿಕೋ ಕಡೆಯದು, ಅದರ ಜಾತಿಯೇ ಬೇರೆ. “ನಿಮ್ಮ ಗಿಡದ ಮೊಗ್ಗು ಅರಳ್ತಿಲ್ಲ, ಎಂತ ಗೊಬ್ಬರ ಹಾಕ್ಬೇಕು?” ಎಂದು ಒಬ್ಬರು ಎರಡು ವರ್ಷ ನನ್ನನ್ನು ಕೇಳುತ್ತಿದ್ದರು. ಬೆಳಿಗ್ಗೆ ಬಿಳಿ, ಸಂಜೆಗೆ ಗುಲಾಬಿಯಾಗುವ ಬೆಟ್ಟದಾವರೆಯೂ ಈ ಬಳಗದ್ದೇ, ಆದರೆ ಎಲೆ ನೋಡಿದರೆ ಹತ್ತಿಯ ನೆನಪಾಗುತ್ತದೆ.

ಇಷ್ಟೆಲ್ಲ ಏಕೆಂದರೆ ನೆಡುವ ಬಗೆಯೂ ಬೇರೆಯಾಗುತ್ತದೆ. ಹಳೆಯ ಕೆಂಪು ಒಂಟಿ ದಾಸವಾಳ, ಮೆಣಸು ದಾಸವಾಳ, ಬೆಟ್ಟದಾವರೆ ಮೂರೂ ಬೇಲಿಯ ಮೇಲೆ ಎಸೆದರೂ ಚಿಗುರುವಂಥವು. ಈಚೆಗೆ ನರ್ಸರಿಗಳಲ್ಲಿ ಬರುವ ಊಟದ ತಟ್ಟೆಯಗಲದ, ಮೂರು ಬಣ್ಣದ ಮಿಶ್ರತಳಿಗಳ ಗೆಲ್ಲು ಹತ್ತರಲ್ಲಿ ಎರಡು ಹತ್ತಿದರೆ ಪುಣ್ಯ. ಅದಕ್ಕೇ ಅವನ್ನು ಗಟ್ಟಿ ದಾಸವಾಳದ ಬುಡಕ್ಕೆ ಕಸಿ ಕಟ್ಟಿ ಮಾರುತ್ತಾರೆ. ಅಂಥ ಗಿಡದ ಬುಡದಿಂದ ಚಿಗುರಿದ ಗೆಲ್ಲು ತಂದು ನೆಟ್ಟರೆ ಸಿಗುವುದು ಕಸಿಯ ಹೂವಲ್ಲ, ಬುಡದ ಹೂ. ಇದನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತೆ.

4. ಹೂ ಇದ್ದಾಗ ನೂಲು ಕಟ್ಟಿ, ಮಳೆ ಬಂದಾಗ ಗೆಲ್ಲು ಕಡಿಯಿರಿ

ಒಂದೇ ಪಾಠ ಹೇಳಿ ಎಂದರೆ ನಾನು ಹೇಳುವುದು ಇದನ್ನು.

ನಮ್ಮ ಬಾವಿಕಟ್ಟೆಯ ಹತ್ತಿರ ಕೇಸರಿ ಬಣ್ಣದ ಮುದ್ದೆ ದಾಸವಾಳವಿತ್ತು. ಒಂದು ವರ್ಷ ಅದರ ಒಂದೇ ಒಂದು ಗೆಲ್ಲು ಒಂಟಿ ಹೂ ಬಿಡತೊಡಗಿತು, ಬಣ್ಣವೂ ತುಸು ಮಾಸಲು. ದಾಸವಾಳದಲ್ಲಿ, ಕಾಗದದ ಹೂವಿನಲ್ಲಿ ಹೀಗೆ ಒಂದು ಚಿಗುರು ತಾನಾಗಿ ದಾರಿ ತಪ್ಪುವುದು ಹೊಸತಲ್ಲ. ಎಷ್ಟೋ ಹೊಸ ತಳಿಗಳು ಹುಟ್ಟಿದ್ದೇ ಹಾಗೆ. ನನಗೆ ಆಗ ಅದು ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಹೂವಿಲ್ಲದಾಗ ಕಂಡ ಕಂಡ ಗೆಲ್ಲು ಕಡಿದು ನಾಲ್ಕು ಮನೆಗೆ ಹಂಚಿದೆ. ಮರುವರ್ಷ ಇಬ್ಬರು ಬಂದು, “ಮುದ್ದೆ ಅಂದ್ರಿ, ಒಂಟಿ ಕೊಟ್ರಿ” ಎಂದರು. ಸುಳ್ಳಿಯಾದೆ.

ಅಂದಿನಿಂದ ಬೇಸಗೆಯಲ್ಲೇ ಮನಸ್ಸಿಗೆ ಹಿಡಿಸಿದ ಹೂ ಬಿಟ್ಟ ಗೆಲ್ಲಿಗೆ ಬಣ್ಣದ ನೂಲು ಕಟ್ಟುತ್ತೇನೆ. ಕೆಂಪು ಹೂವಿಗೆ ಕೆಂಪು, ಬಿಳಿಗೆ ಬಿಳಿ. ಬಾಳೆನಾರು ಸಾಲದು, ಜೂನ್ ದಾಟುವ ಮೊದಲೇ ಕೊಳೆಯುತ್ತದೆ. ಬೇರೆಯವರ ಅಂಗಳದಲ್ಲೂ ಕೇಳಿಯೇ ನೂಲು ಕಟ್ಟಿ ಬರುತ್ತೇನೆ. ಹಾಗೆ ಹೋದಾಗ ತಾಯಿಗಿಡ ಬಿಸಿಲಲ್ಲಿದೆಯೋ ನೆರಳಲ್ಲಿದೆಯೋ, ಬುಡ ಹೊಯ್ಗೆಯೋ ಮುರಕಲ್ಲೋ, ಎಲೆಯಡಿ ಹುಳು ಇದೆಯೋ ಎಲ್ಲ ಕಣ್ಣಿಗೆ ಬೀಳುತ್ತದೆ. ಗಿಡದ ಪರಿಚಯವೆಂದರೆ ಅಷ್ಟೂ ಸೇರಿ.

5. ಜಡಿಮಳೆ ಗೆಲ್ಲಿನ ಗೆಳೆಯನಲ್ಲ

“ಮಳೆ ಹಿಡಿದ ಮೇಲೆ ಕೊಡ್ತೆ” ಎಂಬುದು ನಮ್ಮಲ್ಲಿ ವಾಡಿಕೆಯ ಮಾತು. ಘಟ್ಟದ ಮೇಲಿನ ಹದ ಮಳೆಗೆ ಅದು ಸರಿ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಸುರಿಯುವ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಮುಗಿಸುವ ಈ ಕರಾವಳಿಯಲ್ಲಿ ಪುನರ್ವಸು, ಪುಷ್ಯ ಮಳೆಗೆ ಬಯಲಿನಲ್ಲಿ ನೆಟ್ಟ ಗೆಲ್ಲು ಕೊಳೆಯುತ್ತದೆ. ಬೇರಿಲ್ಲದ ಗೆಲ್ಲೂ ಉಸಿರಾಡಬೇಕು. ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲ. ಕಪ್ಪಾದ ಬುಡವನ್ನು ಕಿತ್ತು ಮೂಸಿ ನೋಡಿದರೆ ಗೊತ್ತಾಗುತ್ತದೆ.

ನಾನು ಎರಡು ಹದ ನಂಬಿದ್ದೇನೆ. ರೋಹಿಣಿಯ ಕೊನೆ, ಮೃಗಶಿರದ ಆರಂಭದಲ್ಲಿ ಜಗಲಿಯಂಚಿನ ಮಾಡಿನ ಕೆಳಗೆ ಒಂದು. ಸೋಣೆ ತಿಂಗಳಲ್ಲಿ ಬಿಸಿಲು ಮಳೆ ಕಣ್ಣಾಮುಚ್ಚಾಲೆ ಆಡುವಾಗ ಇನ್ನೊಂದು. ಎರಡನೆಯದಕ್ಕೆ ಇನ್ನೊಂದು ಅನುಕೂಲವಿದೆ. ಸೋಣೆಯಲ್ಲಿ ದಿನಾ ಹೊಸ್ತಿಲು ಪೂಜೆಗೆ ಹೂ ಕೊಯ್ಯುತ್ತೇವೆ, ಆದ್ದರಿಂದ ಯಾವ ಗೆಲ್ಲಿನದು ಯಾವ ಹೂ ಎಂಬುದು ಕಣ್ಣೆದುರೇ ಇರುತ್ತದೆ.

ಕೇಳುವವರು ಮಾತ್ರ ಹದ ನೋಡಿ ಬರುವುದಿಲ್ಲ. ಕರ್ಕಾಟಕ ಅಮಾವಾಸ್ಯೆಗೆ ಇಲ್ಲಿನ ಮಹಾರಾಜಸ್ವಾಮಿ ವರಾಹ ದೇವರ ಜಾತ್ರೆ. ಹೊಸ ಮದುಮಕ್ಕಳು, ಕೃಷಿಕರು, ಮೀನುಗಾರರು ಎಲ್ಲರೂ ಕಡಲಲ್ಲಿ ಮಿಂದು ಹೊಳೆಯಲ್ಲಿ ಮಿಂದು ದೇವರಿಗೆ ಕೈಮುಗಿಯುವ ದಿನ. ನಮ್ಮ ಮನೆಗೂ ನೆಂಟರ ಸಂತೆ. ಹೊರಡುವಾಗ ಒಬ್ಬೊಬ್ಬರ ಕೈಯಲ್ಲೂ ಬಾಳೆಲೆಯಲ್ಲಿ ಸುತ್ತಿದ ಗೆಲ್ಲು. ಕೆಟ್ಟ ಹದ ಅದು. ಈಗ ಅವರಿಗಾಗಿ ಜೂನಿನಲ್ಲೇ ಹತ್ತಿಪ್ಪತ್ತು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ನೆಟ್ಟು ಇಟ್ಟಿರುತ್ತೇನೆ.

6. ಕಡಲ ಹೊಯ್ಗೆ ಬೇಡ

ಮನೆಯೆದುರೇ ಲೋಡುಗಟ್ಟಲೆ ಹೊಯ್ಗೆ ಬಿದ್ದಿರುವಾಗ ಬೇರೆ ಕಡೆ ಹುಡುಕುವುದು ಯಾರು! ಒಂದು ವರ್ಷ ಇಪ್ಪತ್ತು ತೊಟ್ಟೆ ತುಂಬಿದೆ. ಇಪ್ಪತ್ತೂ ಹೋದವು. ಉಪ್ಪು ಗೆಲ್ಲಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಬೇಸಗೆಯಲ್ಲಿ ಹೊಳೆಯ ನೀರೂ ಕಡಲು ಏರಿ ಉಪ್ಪಾಗುತ್ತದೆ, ಆಗ ನಂಬಬೇಕಾದ್ದು ಸಿಹಿನೀರಿನ ಬಾವಿಯನ್ನು ಮಾತ್ರ. ಈಗ ನನ್ನ ತೊಟ್ಟೆಯಲ್ಲಿ ಎರಡು ಮಳೆಗಾಲ ತೊಳೆದ ಹೊಯ್ಗೆ ಎರಡು ಪಾಲು, ಸುಡುಮಣ್ಣು ಒಂದು ಪಾಲು, ಕಾಯಿಸಿಪ್ಪೆಯ ಪುಡಿ ಒಂದು ಪಾಲು. ಸಗಣಿ ಗೊಬ್ಬರ ಇಲ್ಲ. ಬೇರು ಬರುವ ಮೊದಲು ಉಣ್ಣಲು ಬಾಯೇ ಇಲ್ಲ, ಬಡಿಸಿದ್ದು ಕೊಳೆಯುತ್ತದೆ.

7. ಕಡ್ಡಿ, ಕತ್ತರಿ, ತೊಟ್ಟೆ

ಪೆನ್ಸಿಲ್ ದಪ್ಪ, ಒಂದು ಗೇಣುದ್ದ, ಹಸಿರು ಕಳೆದು ಕಂದಾಗುತ್ತಿರುವ ಗೆಲ್ಲು. ಕೆಳಗೆ ಗೆಣ್ಣಿನ ತುಸು ಕೆಳಗೆ ಓರೆಯಾಗಿ, ಮೇಲೆ ನೇರವಾಗಿ ಕಡಿಯಿರಿ. ಹಾಗಿದ್ದರೆ ಇಪ್ಪತ್ತು ಗೆಲ್ಲು ರಾಶಿ ಹಾಕಿದಾಗಲೂ ತಲೆ ಯಾವುದು ಬುಡ ಯಾವುದು ಎಂದು ತಿಳಿಯುತ್ತದೆ. ಬೇರು ತರಿಸುವ ರಸ ಚಿಗುರಿನಿಂದ ಕೆಳಕ್ಕೇ ಇಳಿಯುತ್ತದೆ, ತಲೆಕೆಳಗಾಗಿ ನೆಟ್ಟರೆ ಪಾಪ, ಅದಕ್ಕೂ ದಿಕ್ಕು ತಪ್ಪುತ್ತದೆ. ಮೇಲಿನ ಎರಡೆಲೆ ಬಿಟ್ಟು ಉಳಿದದ್ದು ತೆಗೆಯಿರಿ, ಆ ಎರಡನ್ನೂ ಅರ್ಧ ಕತ್ತರಿಸಿ.

ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಲ್ಲಿಡಿ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ ಮುಚ್ಚಿದ ಗಾಜಿನ ಬಾಟಲಿಯೊಳಗೆ ಜರೀಗಿಡ ತಾನಾಗಿ ಬೆಳೆದದ್ದು ಕಂಡ. 1833ರಲ್ಲಿ ಅದೇ ಸೂತ್ರದ ಗಾಜಿನ ಪೆಟ್ಟಿಗೆಯಲ್ಲಿ ಗಿಡಗಳನ್ನು ಹಡಗಿನಲ್ಲಿ ಸಿಡ್ನಿಗೆ ಕಳಿಸಿದ. ಜಗತ್ತಿನ ಎಷ್ಟೋ ಗಿಡಗಳು ಖಂಡ ದಾಟಿದ್ದು ಆ ಪೆಟ್ಟಿಗೆಯೊಳಗೆ ಕೂತು. ನಮ್ಮ ಸಕ್ಕರೆ ಚೀಲವೂ ಅದೇ ಕೆಲಸ ಮಾಡುತ್ತದೆ: ಎಲೆ ಬಿಟ್ಟ ಆವಿ ಒಳಗೇ ಉಳಿದು ಎಲೆ ಬಾಡುವುದಿಲ್ಲ.

ಎಳನೀರಲ್ಲಿ ಅದ್ದಿ ನೆಟ್ಟರೆ ಬೇಗ ಬೇರು ಬರುತ್ತದೆಂದು ಹೇಳುವವರು ಬಹಳ. ಎಳನೀರಿನಲ್ಲಿರುವುದು ಮುಖ್ಯವಾಗಿ ಚಿಗುರನ್ನು ಪ್ರಚೋದಿಸುವ ವಸ್ತು. ನನ್ನ ದಾಸವಾಳಗಳು ಎಳನೀರು ಕುಡಿದು ಚಿಗುರಿದವು, ಹದಿನೈದು ದಿನಕ್ಕೆ ಬೇರಿಲ್ಲದೆ ಒಣಗಿದವು. ಎಳನೀರನ್ನು ಈಗ ನಾನೇ ಕುಡಿಯುತ್ತೇನೆ. ಹಟಮಾರಿ ಗೆಲ್ಲುಗಳಿಗೆ ಅಂಗಡಿಯಲ್ಲಿ ಸಿಗುವ ಬೇರು ಬರಿಸುವ ಪುಡಿಯೇ ಸೈ.

ಚಿಗುರು ಕಂಡ ಕೂಡಲೇ ಎಳೆದು ನೋಡಬೇಡಿ. ದಾಸವಾಳ, ನಂದಿಬಟ್ಟಲಿಗೆ ತಿಂಗಳು ಒಂದೂವರೆ ತಿಂಗಳು, ಕಿಸ್ಕಾರಕ್ಕೆ ಇನ್ನೂ ಹೆಚ್ಚು.

8. ಕದ್ದದ್ದೇ ಏಕೆ ಹತ್ತುತ್ತದೆ

“ಕದ್ ತಂದದ್ದೇ ಲಾಯ್ಕ್ ಬಪ್ಪುದ್” ಎಂದು ನಗುವವರಿದ್ದಾರೆ. ಅದರಲ್ಲಿ ಸತ್ಯವಿದೆ, ಪುಣ್ಯಪಾಪದ ಲೆಕ್ಕ ಬೇರೆ. ಕದ್ದವರು ಅವಸರದಲ್ಲಿ ಕೈಗೆ ಸಿಕ್ಕ ಸಣ್ಣ ಗೆಲ್ಲು ಮುರಿಯುತ್ತಾರೆ, ಮುಚ್ಚಿಟ್ಟು ತರುತ್ತಾರೆ, ಯಾರೂ ಕಾಣದಂತೆ ಕೂಡಲೇ ನೆಡುತ್ತಾರೆ. ಕೇಳಿ ತಂದ ಗೆಲ್ಲು ಕಾಫಿ ಮುಗಿಯುವ ತನಕ ಬಿಸಿಲಲ್ಲಿ, ಆಮೇಲೆ ಬಸ್ಸಿನಲ್ಲಿ, ಆಮೇಲೆ ಎರಡು ದಿನ ಬಾಲ್ದಿಯಲ್ಲಿ.

9. ಗೆಲ್ಲು ಒಲ್ಲದ ಗಿಡಕ್ಕೆ ಗೂಟಿ, ಕೆಲವಕ್ಕೆ ಬೀಜ

ಗುಲಾಬಿ ಮುಸ್ಸಾಂಡ ನನ್ನ ಕೈಯಲ್ಲಿ ಗೆಲ್ಲಿನಿಂದ ಒಮ್ಮೆಯೂ ಬಂದಿಲ್ಲ. ಗಿಡದಲ್ಲೇ ಇರುವ ಗೆಲ್ಲಿನ ಸಿಪ್ಪೆಯನ್ನು ಒಂದಂಗುಲ ಅಗಲ ಉಂಗುರದಂತೆ ಸುಲಿದು, ಒಳಗಿನ ಜಾರುವ ಪದರವನ್ನು ಕೆರೆದು, ಒದ್ದೆ ಕಾಯಿನಾರು ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಬೇಕು. ಎರಡು ತಿಂಗಳಲ್ಲಿ ಬಿಳಿ ಬೇರು ಪ್ಲಾಸ್ಟಿಕ್ಕಿನ ಒಳಗೇ ಕಾಣುತ್ತದೆ. ಗಂಧರಾಜಕ್ಕೂ ಇದೇ ಭರವಸೆಯ ದಾರಿ. ಮಲ್ಲಿಗೆಗೆ ಅಷ್ಟೂ ಬೇಡ, ಬಳ್ಳಿಯಂಥ ಗೆಲ್ಲನ್ನು ಬಗ್ಗಿಸಿ ಮಣ್ಣು ಮುಚ್ಚಿ ಕಲ್ಲು ಹೇರಿದರೆ ಸಾಕು.

ಬೀಜದ ಮಾತಿಗೆ ಬಂದರೆ ಅಬ್ಬಲಿಗೆಯಷ್ಟು ಮಜಾ ಯಾವುದೂ ಇಲ್ಲ. ಒಣಗಿದ ತೆನೆಗೆ ಒಂದು ಹನಿ ನೀರು ಬಿದ್ದರೆ ಚಟ್ಟೆಂದು ಸಿಡಿದು ಬೀಜ ದೂರ ಹಾರುತ್ತದೆ. ಮೊಮ್ಮಕ್ಕಳು ಎಂಜಲು ಹಚ್ಚಿ ಸಿಡಿಸುತ್ತಾರೆ. ಆದರೆ ಕಿತ್ತಳೆಗೆಂಪಿನ ಡೆಲ್ಲಿ ಕನಕಾಂಬರದ ಬೀಜಕ್ಕಾಗಿ ಕಾಯಬೇಡಿ. ಅದರ ವರ್ಣತಂತುಗಳು ಎರಡೆರಡಾಗಿರದೆ ಮೂರು ಮೂರಾಗಿವೆ, ಬೀಜ ಕಟ್ಟುವುದಿಲ್ಲ. ಅದು ಊರೂರು ತಿರುಗಿದ್ದೆಲ್ಲ ಗೆಲ್ಲಿನ ಮೂಲಕವೇ. ರತ್ನಗಂಧಿಗೆ ಬೀಜವೇ ಸುಲಭ. ದಾಸವಾಳ ಅಪರೂಪಕ್ಕೆ ಬೀಜ ಕಟ್ಟಿದರೂ ಮಗು ತಾಯಿಯಂತಿರುವುದಿಲ್ಲ.

10. ಕಿಸ್ಕಾರ ಹಳದಿಯಾದರೆ ಗೋಡೆ ನೋಡಿ

ಗುಡ್ಡೆಯ ಮುರಕಲ್ಲಿನ ಬಿರುಕಿನಲ್ಲಿ, ಯಾರೂ ನೀರೆರೆಯದೆ, ಕೆಂಡದಂತೆ ಹೂ ಬಿಡುವ ಕಿಸ್ಕಾರ ನಮ್ಮ ಅಂಗಳಕ್ಕೆ ಬಂದರೆ ಹಳದಿ ರೋಗ ಹಿಡಿದಂತಾಗುತ್ತಿತ್ತು. ಎಲೆಯ ನರ ಹಸಿರು, ಉಳಿದದ್ದೆಲ್ಲ ಹಳದಿ. ಕಾರಣ ಮಣ್ಣು. ಮುರಕಲ್ಲಿನ ಮಣ್ಣು ಹುಳಿ, ಕಬ್ಬಿಣ ಧಾರಾಳ. ಕಡಲಂಚಿನ ಹೊಯ್ಗೆಯಲ್ಲಿ ಚಿಪ್ಪಿನ ಚೂರು, ಅಂದರೆ ಸುಣ್ಣ; ನಾನು ನೆಟ್ಟದ್ದೋ ಸಿಮೆಂಟು ಗೋಡೆಯ ಬುಡಕ್ಕೆ. ಕಬ್ಬಿಣವಿದ್ದರೂ ಗಿಡಕ್ಕೆ ಎಟುಕುವುದಿಲ್ಲ. ಗೋಡೆಯಿಂದ ನಾಲ್ಕು ಮೊಳ ದೂರ, ಗುಡ್ಡೆಮಣ್ಣು ತುಂಬಿದ ಹೊಂಡದಲ್ಲಿ ನೆಟ್ಟ ಮೇಲೆ ಸರಿಹೋಯಿತು. ಉಪ್ಪುಗಾಳಿಗೆ ಅಡ್ಡವಾಗಿ ಪಡು ಬದಿಗೆ ಕಣಗಿಲೆ ಮತ್ತು ಕಾಗದದ ಹೂ. ಅವುಗಳ ಮರೆಯಲ್ಲಿ ಉಳಿದವು.

11. ಹೊಸ ಗಿಡ ಮೂರು ವಾರ ಹೊರಗೆ ಕೂರಲಿ

ಒಂದು ಚಂದದ ಹಳದಿ ದಾಸವಾಳದ ಜೊತೆ ಹಿಟ್ಟು ತಿಗಣೆ ಬಂತು. ಒಂದೂವರೆ ತಿಂಗಳಲ್ಲಿ ಹಿತ್ತಿಲ ಪಪ್ಪಾಯಿವರೆಗೂ ಬಿಳಿ ಬೂಸಲು. ಪಪ್ಪಾಯಿ ಹಿಟ್ಟು ತಿಗಣೆ ಮೆಕ್ಸಿಕೋ ಕಡೆಯದು, ಭಾರತದಲ್ಲಿ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿತು, ದಾಸವಾಳವೂ ಅದಕ್ಕೆ ಬಲು ಇಷ್ಟ. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯವರು ಅಸಿರೋಫ್ಯಾಗಸ್ ಎಂಬ ಪುಟ್ಟ ಪರಾವಲಂಬಿ ಕಣಜವನ್ನು ಹೊರದೇಶದಿಂದ ತರಿಸಿ ಬಿಟ್ಟ ಮೇಲೆ ಅದರ ಹಾವಳಿ ಇಳಿಯಿತು. ಈಗ ಯಾರ ಮನೆಯಿಂದ ಬಂದದ್ದೇ ಆಗಲಿ, ಹಟ್ಟಿಯ ಹಿಂದೆ ಮೂರು ವಾರ. ಕೊಟ್ಟವರಿಗೆ ಬೇಸರವಾಗದಂತೆ “ನೆರಳಲ್ಲಿಟ್ಟಿದ್ದೆ” ಎನ್ನುತ್ತೇನೆ.

12. ಕೆಲವನ್ನು ಕೇಳಿದರೂ ಕೊಡಬೇಡಿ

ನೆಲಕ್ಕೆ ಹಾಸುವ ಹಳದಿ ಸಿಂಗಾಪುರ ಡೇಸಿಯನ್ನು ನಾನೇ ಹಿಂದೆ ಆರು ಮನೆಗೆ ಕೊಟ್ಟಿದ್ದೆ. ಅದು ತೋಡಿಗಿಳಿದು ದಂಡೆಯ ಹುಲ್ಲನ್ನೆಲ್ಲ ನುಂಗಿತು. ಲಂಟಾನವೂ 19ನೇ ಶತಮಾನದ ಆರಂಭದಲ್ಲಿ ಚಂದಕ್ಕೆಂದು ಕೊಲ್ಕತ್ತದ ಸಸ್ಯೋದ್ಯಾನಕ್ಕೆ ಬಂದದ್ದೇ. ಈಗ ಅದು ಯಾವ ಕಾಡಿನಲ್ಲಿಲ್ಲ ಹೇಳಿ.

ಕಣಗಿಲೆ ಕೊಡುವಾಗ ಅದರ ವಿಷವನ್ನೂ ಹೇಳಿ ಕೊಡುತ್ತೇನೆ. ದನ ತಿಂದರೆ ಉಳಿಯುವುದು ಕಷ್ಟ. 2024ರಲ್ಲಿ ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದದಲ್ಲಿ ಕಣಗಿಲೆ ಹೂ ಬೇಡವೆಂದವು. ಹಳದಿಯದರ ಬೀಜ ಇನ್ನೂ ಕೆಟ್ಟದ್ದು. ಮಕ್ಕಳಿರುವ ಮನೆಗೆ ನಾನು ಅದನ್ನು ಕೊಡುವುದಿಲ್ಲ.

13. ಗಿಡದ ಇನ್ನೊಂದು ಪ್ರತಿ ಬೇರೆಯವರ ಅಂಗಳದಲ್ಲಿರಲಿ

ಪಕ್ಕದ ಮನೆಯ ದೊಡ್ಡಮ್ಮನ ದಣಪೆಯ ಬದಿಗೆ ಒಂದು ಬಿಳಿ ದಾಸವಾಳವಿತ್ತು. ಒಂಟಿ ಹೂ, ಗಂಟಲಲ್ಲಿ ಮಾತ್ರ ತೆಳು ಕೆಂಪು ಗೆರೆ. ಅವರ ಅತ್ತೆ ನೆಟ್ಟದ್ದು. ಹೆದ್ದಾರಿ ಅಗಲವಾಗುವಾಗ ದಣಪೆಯೂ ಹೋಯಿತು, ಗಿಡವೂ ಹೋಯಿತು. ಅವರಿಂದ ನಾನು ತಂದಿದ್ದ ಗೆಲ್ಲು ಆ ಮೊದಲೇ ನಮ್ಮ ಅಂಗಳದಲ್ಲಿ ಸತ್ತಿತ್ತು, ಹೇಳಲು ಧೈರ್ಯವಿರಲಿಲ್ಲ. ನನ್ನ ಪುಸ್ತಕ ತಿರುವಿದಾಗ ಒಂದು ಸಾಲು ಸಿಕ್ಕಿತು: ದೊಡ್ಡಮ್ಮನ ಬಿಳಿ, ಎರಡು ಗೆಲ್ಲು, ಬೈಂದೂರಿನ ನಾದಿನಿಗೆ.

ಹೋಗಿ ನೋಡಿದರೆ ಬಾವಿಯ ಹಿಂದೆ ಆಳೆತ್ತರ ಬೆಳೆದು ನಿಂತಿದೆ. ಬಿಳಿ ನೂಲು ಕಟ್ಟಿ ಬಂದೆ, ಸೋಣೆಯಲ್ಲಿ ಆರು ಗೆಲ್ಲು ತಂದೆ, ನಾಲ್ಕು ಹತ್ತಿದವು. ಒಂದನ್ನು ದೊಡ್ಡಮ್ಮನಿಗೆ ಕೊಂಡುಹೋದೆ. ಎಂಬತ್ತು ದಾಟಿದ ಅವರು ಜಗಲಿಯಲ್ಲಿ ಕೂತು ಎಲೆ ಸವರಿದರು, ನೂಲು ನೋಡಿದರು. “ಹೂಗ್ ಬಿಡ್ಲಿ, ಕಾಂಬ” ಎಂದಷ್ಟೇ ಹೇಳಿ ತೊಟ್ಟೆಯನ್ನು ತುಳಸಿಕಟ್ಟೆಯ ಹತ್ತಿರ ಇಡಿಸಿದರು.

ದೀಪ ಹಚ್ಚುವ ಹಬ್ಬದ ಮಾರನೆ ಬೆಳಿಗ್ಗೆ ಬೇಲಿಯಾಚೆಯಿಂದ ದನಿ ಬಂತು. ಹೋದೆ. ತಟ್ಟೆಯಲ್ಲಿ ಒಂದೇ ಹೂ, ಗಂಟಲಲ್ಲಿ ತೆಳು ಕೆಂಪು ಗೆರೆ. ಅದನ್ನು ನನ್ನ ಮುಂದೆ ಹಿಡಿದು ಕೇಳಿದರು:

“ಇದ್ ಮತ್ತ್ ಯಾರ್ ಮನೆಗೆಲ್ಲ ಹೋಯ್ತ್?”